ಇರುವ ಸಿಎಂಎಸ್ ಒಗ್ಗಿಸಿಕೊಳ್ಳೋದಾ, ಹೊಸದಾಗಿ ಕಟ್ಟೋದಾ? ಕನ್ನಡ ತಾಣ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಪತ್ರಿಕೆ ನಡೆಸುವವರು, ಪುಸ್ತಕ ಪ್ರಕಾಶಕರು, ಕನ್ನಡ ಸಂಘಗಳ ಕಾರ್ಯದರ್ಶಿಗಳು, ಈಗಷ್ಟೇ ಕೋಡ್ ಬರೆಯಲು ಕಲಿತ ಹುಡುಗ ಹುಡುಗಿಯರು. ಇವರೆಲ್ಲ ವರ್ಷಗಳಿಂದ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳಿವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಇವರಲ್ಲಿ ಹೆಚ್ಚಿನವರ ಕೈಯಲ್ಲಿ ದುಡ್ಡು ಕಮ್ಮಿ, ಬರಹ ಜಾಸ್ತಿ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರುವಿನಲ್ಲಿ

ಸಿಎಂಎಸ್ ಅಂದ್ರೆ ವೆಬ್‌ಸೈಟೇ ಅಲ್ವಾ?

ಅಲ್ಲ. ಓದುಗರ ಕೈಗೆ ಹೋಗುವ ಸಂಚಿಕೆ ವೆಬ್‌ಸೈಟ್. ಸಂಪಾದಕರ ಮೇಜು, ಕರಡು ತಿದ್ದುವ ಪೆನ್ನು, ಹಳೆಯ ಸಂಚಿಕೆಗಳ ಕಪಾಟು ಎಲ್ಲ ಸೇರಿ ಸಿಎಂಎಸ್, ಅಂದರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಲೇಖನ ಬರೆಯುವುದು, ಚಿತ್ರ ಸೇರಿಸುವುದು, ಯಾರು ಬರೀ ಕಳಿಸಬಹುದು, ಯಾರು ಪ್ರಕಟಿಸಬಹುದು ಅಂತ ನೋಡಿಕೊಳ್ಳುವುದು ಅದರ ಕೆಲಸ.

ಸಿದ್ಧವಾಗಿ ಸಿಗುವವುಗಳಲ್ಲಿ ಹೆಚ್ಚು ಜನ ಬಳಸುವುದು 2003ರಲ್ಲಿ ಬಂದ ವರ್ಡ್‌ಪ್ರೆಸ್. ಅದಕ್ಕಿಂತ ಹಿಂದೆ, 2001ರಲ್ಲಿ, ದ್ರುಪಲ್ ಬಂದಿತ್ತು. ಜೂಮ್ಲಾ 2005ರದ್ದು. ಘೋಸ್ಟ್ 2013ರಲ್ಲಿ ಶುರುವಾಯಿತು. ನಾಲ್ಕೂ ಮುಕ್ತ ತಂತ್ರಾಂಶಗಳು. ಇಳಿಸಿಕೊಳ್ಳಲು ದುಡ್ಡು ಕೊಡಬೇಕಿಲ್ಲ, ಕೋಡ್ ತೆರೆದು ನೋಡಬಹುದು, ಬದಲಾಯಿಸಬಹುದು.

ಪುಕ್ಕಟೆ ಸಿಗೋದನ್ನ ಬಿಟ್ಟು ಯಾರಾದ್ರೂ ಯಾಕೆ ಹೊಸದಾಗಿ ಕಟ್ತಾರೆ?

ಕೆಲವರಿಗೆ ನಿಜವಾಗಿಯೂ ಬೇರೆಯದು ಬೇಕಿರುತ್ತದೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನುವ ಊರಿನ ದಿನಪತ್ರಿಕೆಯ ಕಥೆ ನನಗೆ ಯಾವಾಗಲೂ ನೆನಪಾಗುತ್ತದೆ. 2003ರಲ್ಲಿ ಅಲ್ಲಿನ ಇಬ್ಬರು ಪ್ರೋಗ್ರಾಮರುಗಳು, ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್, ಸುದ್ದಿಮನೆಯ ಅವಸರಕ್ಕೆ ತಕ್ಕ ಹಾಗೆ ತಮ್ಮದೇ ಸಲಕರಣೆ ಕಟ್ಟತೊಡಗಿದರು. 2005ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಇವತ್ತಿನ ಜ್ಯಾಂಗೊ, ವೆಬ್ ತಾಣ ಕಟ್ಟಲು ಬಳಸುವ ಸಿದ್ಧ ಚೌಕಟ್ಟು. ಆದರೆ ಒಂದು ಮಾತು ಗಮನಿಸಿ. ಆ ಪ್ರೋಗ್ರಾಮರುಗಳು ಸಂಬಳಕ್ಕೆ ಅದೇ ಕಟ್ಟಡದಲ್ಲಿ ಕೂತಿದ್ದರು. ವರದಿಗಾರ ಬೆಳಿಗ್ಗೆ ಕೇಳಿದ್ದನ್ನು ಅವತ್ತೇ ಮಾಡಿಕೊಡುವ ಜನ ಒಳಗಿದ್ದರು.

ಬಹಳಷ್ಟು ಕಡೆ ಕಾರಣ ಬೇರೆ. ಇನ್ನೊಬ್ಬರು ಬರೆದ ಕೋಡ್ ಓದಿ ಅರ್ಥ ಮಾಡಿಕೊಳ್ಳುವುದು ತಾವೇ ಬರೆಯುವುದಕ್ಕಿಂತ ಕಷ್ಟ. ಓದುವ ಕೆಲಸ ತಪ್ಪಿಸಿಕೊಳ್ಳಲು ಹೊಸದು ಬರೆಯುತ್ತಾರೆ. ಕಲಿಯುವವರಿಗೆ ಅದು ಒಳ್ಳೆಯದೇ. ನಿಮ್ಮ ಪತ್ರಿಕೆಯ ಇಪ್ಪತ್ತು ವರ್ಷದ ಬರಹವನ್ನು ಆ ಕಲಿಕೆಗೆ ಒಡ್ಡಬೇಡಿ, ಅಷ್ಟೇ.

ನಮ್ದು ಬರೀ ಮಾಸಪತ್ರಿಕೆ. ತಿಂಗಳಿಗೆ ಹತ್ತು ಹನ್ನೆರಡು ಲೇಖನ. ನಮಗೆ ಯಾವುದು?

ಸಿದ್ಧವಾಗಿರುವುದೇ. ಇದರಲ್ಲಿ ನನಗೆ ಅನುಮಾನ ಇಲ್ಲ.

ಕನ್ನಡದಲ್ಲೇ ನೋಡಿ. 'ಅವಧಿ' ಶುರುವಾಗಿದ್ದು ವರ್ಡ್‌ಪ್ರೆಸ್‌ನ ಉಚಿತ ವಿಳಾಸದಲ್ಲಿ. ಓದುಗರು ಬರಹ ಹುಡುಕಿಕೊಂಡು ಬಂದರೇ ಹೊರತು ಅದರ ಹಿಂದೆ ಯಾವ ಸಾಫ್ಟ್‌ವೇರ್ ಇದೆ ಅಂತ ಯಾರೂ ಕೇಳಲಿಲ್ಲ.

ಮಾಸಪತ್ರಿಕೆಗೆ ಬೇಕಾದ ಹೆಚ್ಚಿನದು ವರ್ಡ್‌ಪ್ರೆಸ್‌ನಲ್ಲಿ ಹಾಕಿದ ದಿನವೇ ಇರುತ್ತದೆ. ಬರಹಗಾರರಿಗೆ 'ಕಂಟ್ರಿಬ್ಯೂಟರ್' ಖಾತೆ ಕೊಡಿ. ಅವರು ಬರೆದು ಒಪ್ಪಿಗೆಗೆ ಕಳಿಸಬಹುದು, ತಾವೇ ಪ್ರಕಟಿಸಲು ಆಗುವುದಿಲ್ಲ. 'ಎಡಿಟರ್' ಖಾತೆ ಸಂಪಾದಕರ ಕೈಯಲ್ಲಿರಲಿ. ಕಂಟ್ರಿಬ್ಯೂಟರ್‌ಗೆ ಚಿತ್ರ ಏರಿಸಲು ಅನುಮತಿ ಇರುವುದಿಲ್ಲ ಅನ್ನುವುದು ಒಂದು ಕಿರಿಕಿರಿ. ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡು ಸಂಪಾದಕರೇ ಸೇರಿಸುವುದು ನಮ್ಮಲ್ಲಿ ಹೇಗೂ ನಡೆದೇ ಇದೆ.

ವರ್ಡ್‌ಪ್ರೆಸ್ ಹಾಕಿದ್ರೆ ಎಲ್ಲರ ಸೈಟಿನ ಥರಾನೇ ಕಾಣಲ್ವಾ?

ಥೀಮ್ ಬದಲಾಯಿಸದೆ ಬಿಟ್ಟರೆ ಹಾಗೇ ಕಾಣುತ್ತದೆ. ನೋಟ ಬೇರೆ, ಒಳಗಿನ ಯಂತ್ರ ಬೇರೆ. ನೋಟಕ್ಕೆ ನಿಮ್ಮದೇ ಥೀಮ್ ಮಾಡಿಸಿ. ಅದಕ್ಕಾಗಿ ಇಡೀ ಸಿಎಂಎಸ್ ಕಟ್ಟುವುದು ಗೋಡೆಗೆ ಬಣ್ಣ ಬೇಕು ಅಂತ ಮನೆ ಕೆಡವಿದ ಹಾಗೆ.

ಇನ್ನು ಕೆಲವು ಕಡೆ ಒಂದೇ ಥರ ಇರುವುದೇ ಒಳ್ಳೆಯದು. ನಮ್ಮ ಜಿಲ್ಲೆಗಳ ಸರ್ಕಾರಿ ತಾಣಗಳು ಕೇಂದ್ರ ಸರ್ಕಾರದ ಐಟಿ ಸಂಸ್ಥೆಯಾದ ಎನ್‌ಐಸಿಯ 'ಎಸ್3ವಾಸ್' ಅನ್ನುವ ಒಂದೇ ವ್ಯವಸ್ಥೆಯ ಮೇಲೆ ನಡೆಯುತ್ತವೆ. ಮೈಸೂರಿನದ್ದು ನೋಡಿದವರಿಗೆ ಶಿವಮೊಗ್ಗದ್ದರಲ್ಲಿ ದಾರಿ ತಪ್ಪುವುದಿಲ್ಲ.

## ದುಡ್ಡು, ಜನ, ಜವಾಬ್ದಾರಿ

ಪರಿಚಯದ ಹುಡುಗ ಎರಡು ತಿಂಗಳಲ್ಲಿ ಎಲ್ಲಾ ಕಟ್ಟಿಕೊಡ್ತೀನಿ ಅಂತಿದಾನೆ. ಒಪ್ಕೊಳ್ಳಲಾ?

ಎರಡು ತಿಂಗಳಲ್ಲಿ ಅವನು ತೋರಿಸಬಹುದಾದ್ದು ಮೊದಲ ಮುಖ. ಲೇಖನ ಬರೆದರೆ ಮುಖಪುಟದಲ್ಲಿ ಬರುತ್ತದೆ. ನೋಡಿದವರಿಗೆ ಖುಷಿಯಾಗುತ್ತದೆ. ಉಳಿದದ್ದು ಆಮೇಲೆ ಒಂದೊಂದಾಗಿ ನೆನಪಾಗುತ್ತದೆ. ಪಾಸ್‌ವರ್ಡ್ ಮರೆತವರಿಗೆ ಹೊಸದು ಕಳಿಸುವ ದಾರಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕರಡು ಉಳಿಯುವುದು. ನಿನ್ನೆ ತಪ್ಪಾಗಿ ಅಳಿಸಿದ ಪ್ಯಾರಾ ವಾಪಸ್ ತರುವುದು. ಮೊಬೈಲಿನಿಂದ ಬಂದ ದೊಡ್ಡ ಫೋಟೋ ಚಿಕ್ಕದು ಮಾಡುವುದು. ಬ್ಯಾಕಪ್. ಸಿದ್ಧ ಸಿಎಂಎಸ್‌ನಲ್ಲಿ ಇವುಗಳಲ್ಲಿ ಹೆಚ್ಚಿನವು ಮೊದಲೇ ಇವೆ ಅಥವಾ ಪ್ಲಗಿನ್ ಆಗಿ, ಅಂದರೆ ಆಮೇಲೆ ಸೇರಿಸಿಕೊಳ್ಳುವ ಸಣ್ಣ ತುಂಡಾಗಿ, ಸಿಗುತ್ತವೆ. ಹೊಸದಾಗಿ ಕಟ್ಟುವಾಗ ಪ್ರತಿಯೊಂದೂ ಒಂದು ವಾರದ ಕೆಲಸ.

ನಾನೇ ಹತ್ತಿರದಿಂದ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಒಂದು ಸಾಹಿತ್ಯ ಪತ್ರಿಕೆಗೆ ಅಕ್ಕರೆಯಿಂದ ಒಬ್ಬರು ಹೊಸದಾಗಿ ಸಾಫ್ಟ್‌ವೇರ್ ಬರೆದುಕೊಟ್ಟಿದ್ದರು. ದುಡ್ಡನ್ನೂ ತೆಗೆದುಕೊಂಡಿರಲಿಲ್ಲ. ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಅವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಮಗು ಹುಟ್ಟಿತು, ಸಮಯ ಇಲ್ಲದಾಯಿತು. ಅಷ್ಟರಲ್ಲಿ ತಾಣವನ್ನು ಇರಿಸಿದ್ದ ಹೋಸ್ಟಿಂಗ್ ಕಂಪನಿ, ಆ ಕೋಡ್ ಬರೆದಿದ್ದ ಪಿಎಚ್‌ಪಿ ಭಾಷೆಯ ಹಳೆಯ ಆವೃತ್ತಿಯನ್ನು ನಿಲ್ಲಿಸಿತು. ಒಂದು ಬೆಳಿಗ್ಗೆ ಇಡೀ ತಾಣ ಬಿಳಿ ಹಾಳೆ. ನನ್ನನ್ನು ಕರೆದರು. ಕೋಡಿನಲ್ಲಿ ಒಂದು ಸಾಲೂ ವಿವರಣೆ ಇರಲಿಲ್ಲ. ಡೇಟಾಬೇಸಿನಲ್ಲಿ ಲೇಖಕರ ಹೆಸರು ಒಂದು ಕಡೆ, ಲೇಖನ ಇನ್ನೊಂದು ಕಡೆ, ಎರಡನ್ನೂ ಜೋಡಿಸುವ ಲೆಕ್ಕ ಬರೆದವರ ತಲೆಯಲ್ಲಿ. ಒಂಬೈನೂರು ಚಿಲ್ಲರೆ ಬರಹಗಳನ್ನು ಹೊರತೆಗೆಯಲು ಮೂರು ತಿಂಗಳ ಭಾನುವಾರಗಳು ಹಿಡಿದವು. ಬರೆದುಕೊಟ್ಟವರ ಮೇಲೆ ನನಗೆ ಚೂರೂ ಬೇಸರ ಇಲ್ಲ. ಒಬ್ಬರ ಹೆಗಲ ಮೇಲೆ ಅಷ್ಟು ಭಾರ ಇಟ್ಟಿದ್ದು ತಪ್ಪು.

ಹಾಗಾಗಿ ಆ ಹುಡುಗನಿಗೆ ಪ್ರೀತಿಯಿಂದಲೇ ಕೇಳಿ. ನೀನು ಇಲ್ಲದಾಗ ಯಾರು ನೋಡಿಕೊಳ್ಳುತ್ತಾರೆ? ನಮ್ಮ ಬರಹವೆಲ್ಲ ಒಂದೇ ಕಡತದಲ್ಲಿ ಹೊರಬರುವ ಗುಂಡಿ ಎಲ್ಲಿದೆ? ಮೂರು ವರ್ಷ ಆದ ಮೇಲೆ ತಿದ್ದುಪಡಿಗೆ ಯಾರಿಗೆ ಎಷ್ಟು ಕೊಡಬೇಕು? ಉತ್ತರ ಸಿಕ್ಕಿದರೆ ಮಾತು ಮುಂದುವರಿಸಿ. ಸಿಗದಿದ್ದರೆ ಅವನ ಕೈಯಲ್ಲೇ ವರ್ಡ್‌ಪ್ರೆಸ್‌ಗೆ ಒಂದು ಚೆಂದದ ಕನ್ನಡ ಥೀಮ್ ಮಾಡಿಸಿ. ಅವನ ಶ್ರಮ ಅಲ್ಲಿ ಹೆಚ್ಚು ದಿನ ಬಾಳುತ್ತದೆ.

ಪುಕ್ಕಟೆ ಅಂದ ಮೇಲೆ ಖರ್ಚು ಎಲ್ಲಿಂದ ಬರುತ್ತೆ?

ಡೊಮೇನ್‌ಗೆ, ಅಂದರೆ ತಾಣದ ಹೆಸರಿಗೆ, ವರ್ಷಕ್ಕೆ ಸಾವಿರದ ಆಸುಪಾಸು. ಸಾಧಾರಣ ಹೋಸ್ಟಿಂಗ್‌ಗೆ ಕೆಲವು ಸಾವಿರ. ಇವು ಕಟ್ಟಿದರೂ ಇವೆ, ಒಗ್ಗಿಸಿಕೊಂಡರೂ ಇವೆ.

ನಿಜವಾದ ಖರ್ಚು ಸಮಯದ್ದು. ಒಗ್ಗಿಸಿಕೊಂಡರೆ ತಿಂಗಳಿಗೆ ಒಂದೆರಡು ಗಂಟೆ ಅಪ್‌ಡೇಟ್ ಮತ್ತು ಬ್ಯಾಕಪ್ ನೋಡಬೇಕು. ಹೊಸದಾಗಿ ಕಟ್ಟಿದರೆ ಆ ಅಪ್‌ಡೇಟನ್ನು ನೀವೇ ಬರೆಯಬೇಕು. ನನ್ನ ಅನುಭವದಲ್ಲಿ, ಕಟ್ಟಲು ಕೊಟ್ಟ ದುಡ್ಡಿಗಿಂತ ಮುಂದಿನ ಐದು ವರ್ಷ ಉಳಿಸಿಕೊಳ್ಳಲು ಆಗುವ ಖರ್ಚೇ ಜಾಸ್ತಿ. ಲೆಕ್ಕ ಹಾಕುವಾಗ ಐದು ವರ್ಷದ್ದು ಹಾಕಿ.

ಎಲ್ಲರೂ ಬಳಸೋದಕ್ಕೇ ಹ್ಯಾಕರ್ ಕಣ್ಣು ಜಾಸ್ತಿ. ನಮ್ಮದೇ ಕಟ್ಟಿಕೊಂಡ್ರೆ ಸೇಫ್ ಅಲ್ವಾ?

ಕಣ್ಣು ಜಾಸ್ತಿ ಅನ್ನುವುದು ನಿಜ. 2014ರ ಅಕ್ಟೋಬರ್ 15ರಂದು ದ್ರುಪಲ್‌ನ ಒಂದು ದೊಡ್ಡ ತೂತು ಮತ್ತು ಅದನ್ನು ಮುಚ್ಚುವ ತಿದ್ದುಪಡಿ ಒಟ್ಟಿಗೇ ಪ್ರಕಟವಾದವು. ಏಳು ಗಂಟೆಯೊಳಗೆ ತಿದ್ದುಪಡಿ ಹಾಕದ ತಾಣಗಳು ಕೈಬಿಟ್ಟು ಹೋಗಿವೆ ಅಂತಲೇ ತಿಳಿಯಿರಿ ಅಂತ ಆಮೇಲೆ ದ್ರುಪಲ್‌ನವರೇ ಎಚ್ಚರಿಸಿದರು. ರಾತ್ರಿ ಮಲಗಿ ಎದ್ದವರಿಗೆ ಏಳು ಗಂಟೆ ಏನೂ ಅಲ್ಲ.

ಆದರೆ ಅಲ್ಲಿ ತೂತನ್ನು ಯಾರೋ ಕಂಡುಹಿಡಿದರು, ಹೇಳಿದರು, ತಿದ್ದುಪಡಿಯನ್ನೂ ಕೊಟ್ಟರು. ನೀವು ಕಟ್ಟಿದ್ದರಲ್ಲಿ ಅದೇ ತೂತು ಇದ್ದರೆ ಹೇಳುವವರು ಯಾರು? ತಾಣಗಳನ್ನು ತಡಕುವುದು ಯಂತ್ರಗಳು. ಲಾಗಿನ್ ಪುಟ ಕಂಡರೆ, ಫೋಟೋ ಏರಿಸುವ ಜಾಗ ಕಂಡರೆ ಸುಮ್ನೆ ತಟ್ಟಿ ನೋಡುತ್ತವೆ. ಯಾರ ಮನೆ ಅಂತ ಕೇಳುವುದಿಲ್ಲ.

ಒಗ್ಗಿಸಿಕೊಳ್ಳುವವರಿಗೆ ಅಪಾಯ ಹೆಚ್ಚಾಗಿ ಹೊರಗಿನಿಂದ ಸೇರಿಸಿದ ತುಂಡುಗಳಿಂದ ಬರುತ್ತದೆ. 2011ರಲ್ಲಿ ಟಿಮ್‌ಥಂಬ್ ಅನ್ನುವ, ಚಿತ್ರ ಚಿಕ್ಕದು ಮಾಡುವ ಪುಟ್ಟ ಕೋಡಿನಿಂದ ತುಂಬ ವರ್ಡ್‌ಪ್ರೆಸ್ ತಾಣಗಳು ಕೆಟ್ಟವು. ಅದು ಥೀಮುಗಳ ಒಳಗೆ ಸೇರಿಕೊಂಡಿತ್ತು. ತಮ್ಮಲ್ಲಿ ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಅದಕ್ಕೇ ಪ್ಲಗಿನ್ ಕಮ್ಮಿ ಇರಲಿ, ಬಳಸದ್ದನ್ನು ಅಳಿಸಿ. ವರ್ಡ್‌ಪ್ರೆಸ್ 2013ರ 3.7 ಆವೃತ್ತಿಯಿಂದ ಸಣ್ಣ ಭದ್ರತಾ ತಿದ್ದುಪಡಿಗಳನ್ನು ತಾನೇ ಹಾಕಿಕೊಳ್ಳುತ್ತದೆ. ಅದನ್ನು ಮಾತ್ರ ನಿಲ್ಲಿಸಬೇಡಿ.

ಜಿಪಿಎಲ್ ಅಂದ್ರೆ ನಾವು ಬದಲಾಯಿಸಿದ್ದನ್ನೆಲ್ಲ ಊರಿಗೆ ಹಂಚಬೇಕಾ?

ಬೇಡ. ಜಿಪಿಎಲ್ ಅನ್ನುವುದು ವರ್ಡ್‌ಪ್ರೆಸ್‌ನಂಥ ಮುಕ್ತ ತಂತ್ರಾಂಶದ ಲೈಸೆನ್ಸ್. ನಿಮ್ಮ ತಾಣಕ್ಕೆ ನೀವು ಮಾಡಿಕೊಂಡ ಬದಲಾವಣೆ ನಿಮ್ಮಲ್ಲೇ ಇರಬಹುದು. ಆ ಕೋಡನ್ನು ಇನ್ನೊಬ್ಬರಿಗೆ ಕೊಟ್ಟರೆ ಅಥವಾ ಮಾರಿದರೆ ಅವರಿಗೂ ಅದೇ ಹಕ್ಕು ಕೊಡಬೇಕು. ನಿಮ್ಮ ಲೇಖನ, ಕವಿತೆ, ಚಿತ್ರಗಳಿಗೂ ಈ ಲೈಸೆನ್ಸಿಗೂ ಸಂಬಂಧವೇ ಇಲ್ಲ.

## ಕನ್ನಡದ್ದೇ ಪ್ರಶ್ನೆಗಳು

ಹೊರಗಿನವರು ಮಾಡಿದ್ದಕ್ಕೆ ನಮ್ಮ ಕನ್ನಡ ಒಗ್ಗುತ್ತಾ?

ಒಗ್ಗುತ್ತದೆ, ಆದರೆ ಮೂಲೆಗಳಲ್ಲಿ ಚುಚ್ಚುತ್ತದೆ. ಆ ಮೂಲೆಗಳು ಎಲ್ಲಿವೆ ಅಂತ ಗೊತ್ತಿದ್ದರೆ ಸಾಕು.

ಮೊದಲನೆಯದು ವಿಳಾಸ. ವರ್ಡ್‌ಪ್ರೆಸ್ ಲೇಖನದ ತಲೆಬರಹದಿಂದಲೇ ಅದರ ಕೊಂಡಿ ಮಾಡುತ್ತದೆ. ಅದಕ್ಕೆ 200 ಅಕ್ಷರಗಳ ಮಿತಿ ಇದೆ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದ ಒಂದೊಂದು ಚಿಹ್ನೆ ('ಕು' ಅಂದರೆ ಕ ಮತ್ತು ಉಕಾರ, ಎರಡು ಚಿಹ್ನೆ) ಮಾತ್ರ ಕೊಂಡಿಯಲ್ಲಿ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ಅಂದರೆ ಸುಮಾರು 22 ಚಿಹ್ನೆಗೆ ಜಾಗ ಮುಗಿಯಿತು. 'ಕುವೆಂಪು ಮತ್ತು ಮಲೆನಾಡಿನ ಮಳೆಗಾಲ' ಅಂತ ತಲೆಬರಹ ಕೊಟ್ಟರೆ ಕೊಂಡಿ 'ಕುವೆಂಪು-ಮತ್ತು-ಮಲೆನಾಡಿನ-ಮ' ಅಂತ ನಿಂತುಬಿಡುತ್ತದೆ. ಅದನ್ನು ವಾಟ್ಸ್ಆ್ಯಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಕಾಣಬಹುದು. ಪ್ರಕಟಿಸುವ ಮೊದಲು ಕೊಂಡಿಯನ್ನು ಕೈಯಿಂದ ಚಿಕ್ಕದಾಗಿ ಬರೆಯುವುದು ಸುಲಭದ ಪರಿಹಾರ.

ಎರಡನೆಯದು ಕತ್ತರಿ. ಮುಖಪುಟದಲ್ಲಿ ಲೇಖನದ ಮೊದಲ ಕೆಲವು ಸಾಲು ತೋರಿಸುತ್ತಾರಲ್ಲ, ಅಲ್ಲಿ. 'ಸ್ತ್ರೀ' ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ಆರು ಚಿಹ್ನೆ. ಅದನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಅನ್ನುವ ಕ್ರಮದಲ್ಲಿ 18 ಬೈಟ್. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಕೊನೆಯಲ್ಲಿ ಪ್ರಶ್ನಾರ್ಥಕದ ಡಬ್ಬಿ ಬರುತ್ತದೆ. ಚಿಹ್ನೆ ಲೆಕ್ಕದಲ್ಲಿ ಕತ್ತರಿಸಿದರೆ ಒತ್ತಕ್ಷರ ಹಾರಿಹೋಗಿ 'ಸ್' ಉಳಿಯುತ್ತದೆ. ಪದದ ಲೆಕ್ಕದಲ್ಲಿ ಕತ್ತರಿಸುವ ಥೀಮ್ ಆರಿಸಿ. ಹೊಸದಾಗಿ ಕಟ್ಟುವವರು ಈ ತಪ್ಪು ಮಾಡದೇ ಇರುವುದನ್ನು ನಾನು ಕಂಡಿದ್ದು ಕಡಿಮೆ. ಕನ್ನಡದವರೇ ಕಟ್ಟಿದರೂ ಅಷ್ಟೇ.

ಮೂರನೆಯದು ಸಾಲುಗಳ ನಡುವಿನ ಜಾಗ. ಇಂಗ್ಲಿಷ್ ಅಕ್ಷರ ನೋಡಿ ಮಾಡಿದ ಥೀಮ್‌ನಲ್ಲಿ ತಲೆಬರಹದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಕೆಲವೊಮ್ಮೆ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. 'ರಾಷ್ಟ್ರ', 'ಸ್ವಾತಂತ್ರ್ಯ' ಅಂತ ಬರೆದು ನೋಡಿ, ತಕ್ಷಣ ಗೊತ್ತಾಗುತ್ತದೆ. ನೋಟದ ವಿವರ ಇರುವ ಸ್ಟೈಲ್‌ಶೀಟಿನಲ್ಲಿ ಒಂದು ಸಾಲು ತಿದ್ದಿದರೆ ಸರಿಯಾಗುತ್ತದೆ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ, ತಿರೋ ಕನ್ನಡದಂಥವು ಉಚಿತವಾಗಿಯೇ ಇವೆ.

ಇವುಗಳಲ್ಲಿ ಒಂದಕ್ಕೂ ಇಡೀ ಸಿಎಂಎಸ್ ಹೊಸದಾಗಿ ಕಟ್ಟಬೇಕಿಲ್ಲ.

ಹುಡುಕಿದ್ರೆ ಇರೋ ಲೇಖನಾನೂ ಸಿಗಲ್ಲ. ಇದಕ್ಕೋಸ್ಕರ ಆದ್ರೂ ಹೊಸದು ಬೇಕಲ್ವಾ?

ಈ ದೂರು ನಿಜವಾದದ್ದು. ನನಗೂ ಇದೇ ಎಲ್ಲಕ್ಕಿಂತ ಹೆಚ್ಚು ಕಾಡಿದೆ.

ವರ್ಡ್‌ಪ್ರೆಸ್ ನೀವು ಬರೆದ ಪದ ಹಾಗೆಹಾಗೇ ಎಲ್ಲಾದರೂ ಇದೆಯಾ ಅಂತ ಮಾತ್ರ ನೋಡುತ್ತದೆ. ನಮ್ಮ ಪದಗಳೋ ಬಾಲ ಬದಲಾಯಿಸುತ್ತಲೇ ಇರುತ್ತವೆ. 'ಬೆಂಗಳೂರು' ಅಂತ ಹುಡುಕಿದರೆ 'ಬೆಂಗಳೂರಿನಲ್ಲಿ' ಅಂತ ಬರೆದ ಲೇಖನ ಸಿಗುವುದಿಲ್ಲ. 'ಬೆಂಗಳೂರ' ಅಂತ ಹುಡುಕಿದರೆ ಎರಡೂ ಸಿಗುತ್ತವೆ. ಓದುಗರಿಗೆ ಇದನ್ನು ಹೇಳಿಕೊಡಲು ಆಗುತ್ತದೆಯೇ?

ಇನ್ನೊಂದು ಕಾಣದ ತೊಡಕಿದೆ. 'ವರ್ಡ್‌ಪ್ರೆಸ್' ಅಂತ ಸರಿಯಾಗಿ ಬರೆಯಲು 'ಡ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ಇಲ್ಲದಿದ್ದರೆ 'ವರ್ಡ್ಪ್ರೆಸ್' ಆಗಿ ಪಕಾರ ಒತ್ತಾಗಿ ಕೆಳಗೆ ಇಳಿಯುತ್ತದೆ. 'ರಾಜ್‌ಕುಮಾರ್' ಕೂಡ ಹಾಗೇ. ಬರೆದವರು ಆ ಚಿಹ್ನೆ ಹಾಕಿ, ಹುಡುಕುವವರು ಹಾಕದಿದ್ದರೆ ಎರಡೂ ಬೇರೆ ಪದಗಳಾಗಿಬಿಡಬಹುದು.

ಹಾಗಾದರೆ ಕಟ್ಟಿ. ಹುಡುಕಾಟ ಒಂದನ್ನು ಮಾತ್ರ. ಲೇಖನ ಉಳಿಸುವಾಗ ಅದರ ಒಂದು ಪ್ರತಿಯನ್ನು ಡೇಟಾಬೇಸಿನ ಬೇರೆ ಕೋಷ್ಟಕದಲ್ಲಿಡಿ. ಅಲ್ಲಿ ಕಾಣದ ಚಿಹ್ನೆಗಳನ್ನು ತೆಗೆಯಿರಿ. 'ಇನಲ್ಲಿ', 'ಇಂದ', 'ಅನ್ನು' ಥರದ ಬಾಲಗಳನ್ನು ಸವರಿ. ಓದುಗರು ಬರೆದ ಪದಕ್ಕೂ ಅದನ್ನೇ ಮಾಡಿ ಹೋಲಿಸಿ. ಇದು ಒಂದು ಪ್ಲಗಿನ್‌ನಷ್ಟು ಕೆಲಸ. ಯುವ ಪ್ರೋಗ್ರಾಮರುಗಳಿಗೆ ನಾನು ಕೈಮುಗಿದು ಹೇಳುವುದು ಇದನ್ನೇ. ಹತ್ತು ಸಾವಿರ ಸಲ ಬರೆದಾಗಿರುವ ಲಾಗಿನ್ ಪುಟವನ್ನು ಮತ್ತೆ ಬರೆಯಬೇಡಿ. ಕನ್ನಡದ ಹುಡುಕಾಟ ಯಾರೂ ಚೆನ್ನಾಗಿ ಮಾಡಿಲ್ಲ, ಅದನ್ನು ಮಾಡಿ.

ಹಳೇ ಸಂಚಿಕೆ ಎಲ್ಲಾ ನುಡಿ, ಬರಹದಲ್ಲಿ ಟೈಪ್ ಮಾಡಿದ್ದು. ಅದನ್ನ ಹೊಸ ಸಿಎಂಎಸ್‌ಗೆ ಹೇಗೆ ತರೋದು?

ಯೂನಿಕೋಡ್ ಆಗಿದ್ದರೆ ಚಿಂತೆ ಇಲ್ಲ. ಹಳೆಯ ಫಾಂಟ್ ಸಂಕೇತದಲ್ಲಿದ್ದರೆ ಮೊದಲು ಪರಿವರ್ತನೆ, ಆಮೇಲೆ ಸಿಎಂಎಸ್. ಈ ಎರಡು ಕೆಲಸ ಬೆರೆಸಬೇಡಿ.

ಪರಿವರ್ತಕಗಳು ಸಿಗುತ್ತವೆ. ಆದರೂ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. 'ಸೂರ್ಯ', 'ಧರ್ಮ', 'ಕಾರ್ಯ' ಸರಿಯಾಗಿ ಬಂದರೆ ಅರ್ಧ ಗೆದ್ದ ಹಾಗೆ. ಮಧ್ಯದಲ್ಲಿ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವೆಂದು ತಿಳಿದು ಪರಿವರ್ತಕ ಅವನ್ನು ಕಲಸಿಬಿಡುತ್ತದೆ. ಮೂಲ ಕಡತಗಳನ್ನು ಯಾವ ಕಾರಣಕ್ಕೂ ಅಳಿಸಬೇಡಿ.

## ಆಳಕ್ಕೆ ಇಳಿದವರಿಗೆ

ಒಳಗಿನ ಕೋಡಲ್ಲಿ ಎರಡೇ ಸಾಲು ತಿದ್ದಿದ್ರೆ ಕೆಲಸ ಆಗುತ್ತೆ. ತಿದ್ದಲಾ?

ಬೇಡ. ಮುಂದಿನ ಅಪ್‌ಡೇಟ್ ನಿಮ್ಮ ಎರಡು ಸಾಲನ್ನು ಅಳಿಸಿಹಾಕುತ್ತದೆ. ಅಳಿಯಬಾರದು ಅಂತ ಅಪ್‌ಡೇಟ್ ನಿಲ್ಲಿಸುತ್ತೀರಿ. ಅಲ್ಲಿಂದ ತಾಣ ಕೊಳೆಯಲು ಶುರು.

ವರ್ಡ್‌ಪ್ರೆಸ್ ಇದಕ್ಕೆಂದೇ ಹುಕ್‌ಗಳನ್ನು ಇಟ್ಟಿದೆ. ಲೇಖನ ಉಳಿಸುವಾಗ, ತೋರಿಸುವಾಗ, ತಲೆಬರಹದಿಂದ ಕೊಂಡಿ ಮಾಡುವಾಗ ನಿಮ್ಮ ಕೋಡನ್ನು ಕರೆಯಲು ಅಲ್ಲಲ್ಲಿ ಕೊಕ್ಕೆಗಳಿವೆ. ಅದೇ ಎರಡು ಸಾಲನ್ನು ನಿಮ್ಮದೇ ಪುಟ್ಟ ಪ್ಲಗಿನ್‌ನಲ್ಲಿ ಬರೆದು ಆ ಕೊಕ್ಕೆಗೆ ಸಿಕ್ಕಿಸಿ. ಥೀಮ್ ತಿದ್ದುವುದಾದರೆ ಮೂಲವನ್ನು ಮುಟ್ಟದೆ, ಅದರ ಮೇಲೆ ಕೂರುವ ಚೈಲ್ಡ್ ಥೀಮ್ ಮಾಡಿ.

ನಮ್ಮದು ಪ್ರಕಾಶನ. ಸಾವಿರಾರು ಪುಸ್ತಕ, ಐಎಸ್‌ಬಿಎನ್, ಮುದ್ರಣ, ಬೆಲೆ ಎಲ್ಲಾ ಇದೆ. ಇದನ್ನೂ ವರ್ಡ್‌ಪ್ರೆಸ್ ಹೊರುತ್ತಾ?

2010ರಲ್ಲಿ ಬಂದ 3.0 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ಲೇಖನ, ಪುಟ ಬಿಟ್ಟು ನಿಮ್ಮದೇ ಬಗೆಗಳನ್ನು ಸುಲಭವಾಗಿ ಮಾಡಿಕೊಳ್ಳಬಹುದು. 'ಪುಸ್ತಕ' ಅಂತ ಒಂದು ಬಗೆ, 'ಲೇಖಕ' ಅಂತ ಇನ್ನೊಂದು. ಪುಸ್ತಕ ತೋರಿಸಲು ಇಷ್ಟು ಸಾಕು.

ಸೋಸುವಾಗ ಸುಸ್ತಾಗುತ್ತದೆ. '1980ರ ನಂತರ ಬಂದ, 200 ರೂಪಾಯಿ ಒಳಗಿನ, 300 ಪುಟ ಮೀರದ ಪುಸ್ತಕ' ಅಂತ ಓದುಗರು ಕೇಳಿದರು ಅಂದುಕೊಳ್ಳಿ. ವರ್ಷ, ಬೆಲೆ, ಪುಟ ಎಲ್ಲ ಹೆಚ್ಚುವರಿ ವಿವರಗಳನ್ನು ಇಡುವ ಒಂದೇ ಮೆಟಾ ಕೋಷ್ಟಕದಲ್ಲಿ ಬೇರೆ ಬೇರೆ ಸಾಲುಗಳಾಗಿ ಕೂತಿವೆ. ಬೆಲೆಯೂ ಅಲ್ಲಿ ಸಂಖ್ಯೆಯಲ್ಲ, ಪಠ್ಯ. ಅದು ಇರುವ ಕಂಬಕ್ಕೆ (ಕಾಲಂಗೆ) ಇಂಡೆಕ್ಸ್, ಅಂದರೆ ಬೇಗ ಹುಡುಕಲು ನೆರವಾಗುವ ಸೂಚಿ, ಇಲ್ಲ. ಒಂದು ಪ್ರಶ್ನೆಗೆ ಅದೇ ಕೋಷ್ಟಕವನ್ನು ಮೂರು ಸಲ ಜೋಡಿಸಬೇಕು.

ಇಲ್ಲಿ ಪುಸ್ತಕದ ವಿವರಗಳಿಗೆ ನಿಮ್ಮದೇ ಕೋಷ್ಟಕ ಮಾಡಿ. ವರ್ಷಕ್ಕೆ ಒಂದು ಕಂಬ, ಬೆಲೆಗೆ ಒಂದು ಕಂಬ. ಪುಸ್ತಕದ ಪರಿಚಯ, ಮುಖಪುಟದ ಚಿತ್ರ ವರ್ಡ್‌ಪ್ರೆಸ್‌ನಲ್ಲೇ ಇರಲಿ. ಬರೆಯುವ ಮೇಜು ಅವರದ್ದು, ಪುಸ್ತಕದ ಕಪಾಟು ನಿಮ್ಮದು. ನನ್ನ ಮಟ್ಟಿಗೆ ಗೆರೆ ಬೀಳಬೇಕಾದ ಜಾಗ ಇದೇ.

ಎಷ್ಟು ತಿದ್ದಿದ ಮೇಲೆ 'ಸಾಕು, ಹೊಸದು ಕಟ್ಟೋಣ' ಅನ್ಬೇಕು?

ವಿಕಿಪೀಡಿಯ ಹೇಗೆ ಮಾಡಿತು ನೋಡಿ. 2001ರ ಜನವರಿಯಲ್ಲಿ ಅದು ಶುರುವಾಗಿದ್ದು ಯೂಸ್‌ಮಾಡ್‌ವಿಕಿ ಅನ್ನುವ, ಬೇರೆಯವರು ಪರ್ಲ್ ಭಾಷೆಯಲ್ಲಿ ಬರೆದ ಸಿದ್ಧ ಸಾಫ್ಟ್‌ವೇರ್ ಮೇಲೆ. ಅದು ಪುಟಗಳನ್ನು ಕಡತಗಳಲ್ಲೇ ಇಡುತ್ತಿತ್ತು, ಡೇಟಾಬೇಸ್ ಇರಲಿಲ್ಲ. ಒಂದು ವರ್ಷ ಅದರಲ್ಲೇ ನಡೆಸಿದರು. ಎಲ್ಲಿ ಉಸಿರು ಕಟ್ಟುತ್ತದೆ ಅಂತ ಗೊತ್ತಾಯಿತು. 2002ರ ಜನವರಿಯಲ್ಲಿ ಮ್ಯಾಗ್ನಸ್ ಮಾನ್ಸ್ಕೆ ಪಿಎಚ್‌ಪಿಯಲ್ಲಿ ಹೊಸದು ಬರೆದರು. ಜನ ಹೆಚ್ಚಾದಂತೆ ಅದೂ ನಿಧಾನವಾಯಿತು. ಅದೇ ವರ್ಷ ಜುಲೈನಲ್ಲಿ ಲೀ ಡೇನಿಯಲ್ ಕ್ರಾಕರ್ ಮತ್ತೆ ಬರೆದರು. ಅದಕ್ಕೆ ಆಮೇಲೆ ಮೀಡಿಯಾವಿಕಿ ಅಂತ ಹೆಸರಾಯಿತು. ಕನ್ನಡ ವಿಕಿಪೀಡಿಯ ಇವತ್ತು ನಡೆಯುತ್ತಿರುವುದೂ ಅದರ ಮೇಲೆ.

ಅವರು ಕಟ್ಟುವ ಮೊದಲು ಬಳಸಿದ್ದರು. ಬೇಕಾದ್ದರ ಪಟ್ಟಿ ಊಹೆಯಿಂದ ಬಂದಿರಲಿಲ್ಲ.

ನನ್ನ ಲೆಕ್ಕದಲ್ಲಿ ಗುರುತುಗಳು ಇವು. ನಿಮ್ಮ ತಾಣದ ಮುಖ್ಯ ಕೆಲಸವೇ ಸಿಎಂಎಸ್‌ನ ಸ್ವಭಾವಕ್ಕೆ ಎದುರಾಗಿದೆ. ಪ್ರತಿ ಅಪ್‌ಡೇಟ್ ಬಂದಾಗಲೂ ನಿಮ್ಮ ಕೋಡ್ ಮುರಿಯುತ್ತದೆ. ಸಿಎಂಎಸ್ ಕೊಡುವುದರಲ್ಲಿ ಮುಕ್ಕಾಲು ಪಾಲನ್ನು ಮುಚ್ಚಿಡಲು ನೀವು ಕೋಡ್ ಬರೆಯುತ್ತಿದ್ದೀರಿ. ಮೂರೂ ಒಟ್ಟಿಗೆ ಇದ್ದು, ಸಂಬಳಕ್ಕೆ ಇಬ್ಬರಾದರೂ ಪ್ರೋಗ್ರಾಮರುಗಳು ಇದ್ದರೆ ಕಟ್ಟಿ. ಒಬ್ಬರೇ ಇದ್ದರೆ ಇನ್ನೊಬ್ಬರು ಸಿಗುವವರೆಗೆ ಕಾಯಿರಿ.

ದೊಡ್ಡ ದೊಡ್ಡ ಮಾಧ್ಯಮದವರು ತಮ್ಮದೇ ಕಟ್ಕೊಂಡಿದಾರಲ್ಲ?

ಕಟ್ಟಿಕೊಂಡಿದ್ದಾರೆ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 'ಆರ್ಕ್' ಕಟ್ಟಿ, ಬೇರೆ ಪತ್ರಿಕೆಗಳಿಗೂ ಮಾರುತ್ತದೆ. ಆದರೆ ಅಮೆರಿಕದ ಮಾಧ್ಯಮ ಕಂಪನಿ ವಾಕ್ಸ್ ಮೀಡಿಯಾದ ಕಥೆಯನ್ನೂ ಕೇಳಿ. 'ಕೋರಸ್' ಅನ್ನುವ ಅವರ ಸಿಎಂಎಸ್ ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿತ್ತು. 2018ರಲ್ಲಿ ಹೊರಗಿನವರಿಗೂ ಕೊಡಲು ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಅದನ್ನು ನಿಲ್ಲಿಸಿ ತಾವೇ ವರ್ಡ್‌ಪ್ರೆಸ್ ಕಡೆ ಹೊರಳಿದರು. ಅಷ್ಟು ಎಂಜಿನಿಯರುಗಳಿದ್ದ ಮನೆಗೇ ಅದನ್ನು ಸಾಕುವುದು ಭಾರವಾಯಿತು.

ಪೂರ್ತಿ ಸಿದ್ಧವೂ ಅಲ್ಲ, ಪೂರ್ತಿ ಹೊಸದೂ ಅಲ್ಲ. ಮಧ್ಯದ ದಾರಿ ಇಲ್ವಾ?

ಎರಡಿವೆ. ಒಂದು, ಚೌಕಟ್ಟಿನ ಮೇಲೆ ಕಟ್ಟುವುದು. ಜ್ಯಾಂಗೊ ಹಾಕಿದರೆ ಲಾಗಿನ್, ಡೇಟಾಬೇಸ್, ನಿರ್ವಹಣೆಯ ಪುಟ ಸಿದ್ಧ. ಅದರ ಮೇಲೆ ವ್ಯಾಗ್‌ಟೇಲ್ ಹಾಕಿದರೆ ಬರೆಯುವ ಮೇಜೂ ಸಿದ್ಧ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಾಗಿ ಟಾರ್ಚ್‌ಬಾಕ್ಸ್ ಕಂಪನಿ ಇದನ್ನು ಮಾಡಿ, 2014ರಲ್ಲಿ ಎಲ್ಲರಿಗೂ ಕೊಟ್ಟಿತು. ಎರಡೂ ಪೈಥಾನ್ ಭಾಷೆಯಲ್ಲಿವೆ. ಪೈಥಾನ್ ಬಲ್ಲವರಿರುವ ಪ್ರಕಾಶನಗಳಿಗೆ ನಾನು ಇದನ್ನೇ ಹೇಳುವುದು.

ಇನ್ನೊಂದು, ಹೆಡ್‌ಲೆಸ್. ಬರೆಯುವುದು ವರ್ಡ್‌ಪ್ರೆಸ್‌ನಲ್ಲಿ, ಓದುಗರಿಗೆ ತೋರಿಸುವುದು ನಿಮ್ಮದೇ ಕೋಡ್. 2016ರ ಕೊನೆಯಲ್ಲಿ ಬಂದ 4.7 ಆವೃತ್ತಿಯಿಂದ ಇದು ಸಲೀಸು. ಆದರೆ 'ಪ್ರಕಟಿಸುವ ಮುಂಚೆ ಹೇಗೆ ಕಾಣುತ್ತೆ ನೋಡ್ಬೇಕು' ಅಂತ ಸಂಪಾದಕರು ಕೇಳಿದಾಗ ಅದನ್ನೂ ನೀವೇ ಕಟ್ಟಬೇಕು. ಮೊಬೈಲ್ ಆ್ಯಪ್ ಕೂಡ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಸಿದ್ಧ ಸಾಫ್ಟ್‌ವೇರೇ ಕೈಕೊಟ್ರೆ? ದ್ರುಪಲ್ 7 ನಂಬಿದವರ ಗತಿ ನೋಡಿದೀವಲ್ಲ.

ನ್ಯಾಯವಾದ ಮಾತು. 2011ರಲ್ಲಿ ಬಂದ ದ್ರುಪಲ್ 7 ಮೇಲೆ ತುಂಬ ಜನ ತಾಣ ಕಟ್ಟಿದರು. 2015ರಲ್ಲಿ ಬಂದ ದ್ರುಪಲ್ 8ರ ಒಳಗಿನ ರಚನೆಯೇ ಬೇರೆ. ದಾಟುವುದು ಅಪ್‌ಡೇಟ್ ಆಗಿರಲಿಲ್ಲ, ಹೊಸ ತಾಣ ಕಟ್ಟಿದಷ್ಟೇ ಕೆಲಸ. ಸಣ್ಣ ತಂಡಗಳು ನಿಜವಾಗಿಯೂ ನೊಂದವು. 2025ರ ಜನವರಿ 5ಕ್ಕೆ ದ್ರುಪಲ್ 7ಕ್ಕೆ ಅಧಿಕೃತ ಬೆಂಬಲ ನಿಂತಿತು.

ಆದರೂ ಅವರು ಅನಾಥರಾಗಲಿಲ್ಲ. ಬೆಂಬಲ ನಿಲ್ಲುತ್ತದೆ ಅಂತ ವರ್ಷಗಳ ಮೊದಲೇ ಗೊತ್ತಿತ್ತು. ಬರಹ ಸಾಗಿಸುವ ಸಲಕರಣೆ ಇತ್ತು. ದ್ರುಪಲ್ 7ರ ಕೋಡಿನಿಂದಲೇ ಕವಲೊಡೆದ ಬ್ಯಾಕ್‌ಡ್ರಾಪ್ ಅನ್ನುವ ಸಿಎಂಎಸ್ ಇತ್ತು. ಕೋಡ್ ಎಲ್ಲರ ಕೈಯಲ್ಲಿ ಇದ್ದದ್ದರಿಂದಲೇ ಯಾರೋ ಅದನ್ನು ಎತ್ತಿಕೊಂಡು ಮುಂದೆ ನಡೆಸಲು ಆಯಿತು.

ನಾಳೆ ಇದನ್ನೂ ಬಿಟ್ಟು ಹೋಗಬೇಕಾದ್ರೆ ಇವತ್ತೇ ಏನು ಮಾಡಿಟ್ಕೋಬೇಕು?

ಡೊಮೇನ್ ಪತ್ರಿಕೆಯ ಅಥವಾ ಸಂಘದ ಹೆಸರಲ್ಲೇ ಇರಲಿ, ಡೆವಲಪರ್ ಹೆಸರಲ್ಲಿ ಬೇಡ. ಹೋಸ್ಟಿಂಗ್ ಪಾಸ್‌ವರ್ಡ್ ಕನಿಷ್ಠ ಇಬ್ಬರಿಗೆ ಗೊತ್ತಿರಲಿ.

ತಿಂಗಳಿಗೊಮ್ಮೆ ಬರಹವೆಲ್ಲವನ್ನೂ ಹೊರತೆಗೆದು ಇಡಿ. ವರ್ಡ್‌ಪ್ರೆಸ್‌ನಲ್ಲಿ ಟೂಲ್ಸ್ ಕೆಳಗೆ ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಕಡತ ಸಿಗುತ್ತದೆ. ಅದರಲ್ಲಿ ಚಿತ್ರಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಅಪ್‌ಲೋಡ್ಸ್ ಫೋಲ್ಡರನ್ನು ಬೇರೆಯಾಗಿ ಇಳಿಸಿಕೊಳ್ಳಿ. ಹೊಸದಾಗಿ ಕಟ್ಟಿಸುವವರು ಇಂಥ ಗುಂಡಿಯನ್ನು ಮೊದಲ ದಿನವೇ ಕೇಳಿ ಮಾಡಿಸಿ. ಹಳೆಯ ಕೊಂಡಿಗಳ ಪಟ್ಟಿಯನ್ನೂ ಇಟ್ಟುಕೊಳ್ಳಿ. ಜಾಗ ಬದಲಾಯಿಸಿದಾಗ ಹಳೆಯ ಕೊಂಡಿ ಒತ್ತಿದವರು ಹೊಸ ಪುಟಕ್ಕೇ ಬರುವ ಹಾಗೆ ಮಾಡಲು ಅದು ಬೇಕು.

ಆಮೇಲೆ ವರ್ಷಕ್ಕೊಮ್ಮೆ ಆ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಯಾವುದಾದರೂ ಹಳೆಯ ಲೇಖನ ಆರಿಸಿ, ಒತ್ತಕ್ಷರ ಜಾಸ್ತಿ ಇರುವುದು ಇದ್ದರೆ ಒಳ್ಳೆಯದು, ಮೊದಲಿಂದ ಕೊನೆವರೆಗೆ ಓದಿ. ನಾನು ಪ್ರತಿ ಸಲ ನೋಡುವುದು 2009ರ ಒಂದು ಓದುಗರ ಪತ್ರ. ಅದರಲ್ಲಿ 'ಸ್ವಾತಂತ್ರ್ಯ' ಅನ್ನುವ ಪದ ನಾಲ್ಕು ಕಡೆ ಬರುತ್ತದೆ.